ಸಾಹೇಬರ ಕಬಾಬು ಜಾಲರಿ

ಸುಡುವಾಗ ಎಲ್ಲರೂ ಜಾಣರೇ, ಫಜೀತಿಯೆಲ್ಲ ತೊಳೆಯುವಾಗ. ನಿಜಾಮರ ಕಾಲದಲ್ಲಿ ಗಂಗಾವತಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ ಈ ಮಾತು ವರ್ಷಕ್ಕೊಮ್ಮೆ ಖಾತ್ರಿಯಾಗುತ್ತಿತ್ತು. ಸುಗ್ಗಿ ಮುಗಿದ ಮೇಲೆ ದೊಡ್ಡ ಸಾಹೇಬರು ಊರೂರು ತಪಾಸಣೆಯ ದೌರೆಗೆ ಬಂದು ಸರಕಾರಿ ಬಂಗಲೆಯಲ್ಲಿ ಇಳಿಯುತ್ತಿದ್ದರು. ಅವರಿಗೆ ಕಬಾಬು ಬೇಕು. ಅದಕ್ಕೆಂದೇ ಅಲ್ಲಿ ಕೆಂಡ ಹಾಕುವ ಒಂದು ಶೆಗಡಿ, ಅದರ ಮೇಲಿಡಲು ಕಬ್ಬಿಣದ ಜಾಲರಿ, ಎರಡನ್ನೂ ನೋಡಿಕೊಳ್ಳಲು ಒಬ್ಬ ಚೌಕಿದಾರ. ಚೌಕಿದಾರ ಆರು ವರ್ಷದಿಂದ ಹಂಗಾಮಿ. ಸಾಹೇಬರು ಒಂದು ಸಾಲು ಬರೆದರೆ ಕಾಯಂ. ಇನ್ನೊಂದು ಸಾಲು ಬರೆದರೆ ಸೀದಾ ನವಲಿಯ ತನ್ನ ಮನೆಗೆ.

೧. ಬೂದಿ

ಬಿಸಿ ಇದ್ದಾಗ ತಿಕ್ಕಿದರೆ ಜಿಡ್ಡು ಲಗೂನ ಬಿಡುತ್ತದೆಂಬುದು ಚೌಕಿದಾರನ ನಂಬಿಕೆ. ಕೆಂಡ ಆರುವ ಮೊದಲೇ ಜಾಲರಿಯ ಮೇಲೆ ಒಂದು ಕೊಡ ನೀರು ಸುರಿದ. ಜಿಡ್ಡು ಅಲ್ಲೇ ಉಳಿಯಿತು. ಬೂದಿ ಮಾತ್ರ ಹಬೆಯ ಜೊತೆ ಮೇಲೆದ್ದು, ಪಕ್ಕದಲ್ಲಿ ನಿಂತಿದ್ದ ಸಾಹೇಬರ ಮೇಲೆ ಇಳಿಯಿತು. ಯಾರಿಗೂ ಸುಡಲಿಲ್ಲ. ಬೇರೆ ಶೇರ್ವಾನಿ ಸಾಮಾನಿನ ಬಂಡಿಯಲ್ಲಿ ಮುಂದೆ ಹೋಗಿಬಿಟ್ಟಿದ್ದರಿಂದ ಅವರು ಅದೇ ವೇಷದಲ್ಲಿ ಮರಳಿ ಎಂಬ ಊರಿಗೆ ಬಂದರು. ಕೈಯಿಂದ ಒರೆಸಿಕೊಂಡ ಹಣೆಯ ಮೇಲೆ ಬೂದಿಯ ಗೆರೆಗಳು ಉಳಿದಿದ್ದವು. ಅಲ್ಲಿಯ ಗೌಡರು ಅದನ್ನು ನೋಡಿ ಕೈಮುಗಿದರು.

"ನಮ್ಮೂರಿಗಂತ ವಿಭೂತಿ ಹಚ್ಚಿಕೊಂಡು ಬಂದೀರಿ. ಭಾಳ ದೊಡ್ಡ ಮನಸು ನಿಮ್ದು."

ಸಾಹೇಬರಿಗೆ ಕನ್ನಡ ಬಾರದು, ದುಭಾಷಿಯಾಗಿ ಜೊತೆಗಿದ್ದವನು ನಾನು. ಮಳೆ-ಬೆಳೆ ಚೆನ್ನಾಗಿದೆಯಂತೆ ಎಂದು ನಾನು ಉರ್ದುವಿನಲ್ಲಿ ತಿಳಿಸಿದೆ.

೨. ಖರಾರ

ಮರುವರ್ಷ ಜಾಲರಿ ಪೂರಾ ತಣ್ಣಗಾಗುವವರೆಗೂ ಚೌಕಿದಾರ ಅದರ ಎದುರು ಕುಳಿತಿದ್ದ. ತೆಂಗಿನ ನಾರು, ಇಟ್ಟಂಗಿ ಪುಡಿ ಎರಡಕ್ಕೂ ಜಿಡ್ಡು ಜಗ್ಗಲಿಲ್ಲ. ಲಾಯದಿಂದ ಸಾಹೇಬರ ಕುದುರೆಯ ಮೈ ತಿಕ್ಕುವ ಖರಾರ ತಂದು ತಿಕ್ಕಿದ, ಜಿಡ್ಡು ಎದ್ದಿತು. ಖರಾರವನ್ನು ತೊಳೆಯದೆ ಇದ್ದ ಜಾಗದಲ್ಲೇ ಇಟ್ಟ. ಬೆಳಿಗ್ಗೆ ಕುದುರೆಯವನು ಅದರಿಂದಲೇ ಕುದುರೆಯ ಮೈ ತಿಕ್ಕಿದ.

ಅಂದು ಊರ ನಾಯಿಗಳೆಲ್ಲ ಮೂಗೆತ್ತಿಕೊಂಡು ಸಾಹೇಬರ ಕುದುರೆಯ ಹಿಂದೆ ಹೊರಟವು. ದಾರಿಯಲ್ಲಿ ಒಬ್ಬ ರೈತ ನನ್ನನ್ನು ಬದಿಗೆ ಕರೆದ. "ಬ್ಯಾಟಿಗೆ ಹೊಂಟೀರೇನ್ರಿ? ನಾಯಿ ಭಾಳ ಅದಾವು, ಬಂದೂಕ ಒಂದೂ ಕಾಣವಲ್ದು."

ಕುದುರೆಯ ಮೈ ಮೂಸಿ ನೋಡಿದ ಸಾಹೇಬರು ಅಂದೇ ಹೇಳಿಬಿಟ್ಟರು: ಮುಂದಿನ ಸಲ ಜಾಲರಿ ತಾನಾಗಿ ಹೊಳೆಯುತ್ತಿರಬೇಕು, ಇಲ್ಲದಿದ್ದರೆ ಚೌಕಿದಾರ ಮನೆಗೆ.

೩. ಹೊಳಪು

ಮುಂದಿನ ಸಲ ಜಾಲರಿ ನಿಜಕ್ಕೂ ಹೊಳೆಯುತ್ತಿತ್ತು. ಬಂಗಲೆಯ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಮಾಡಲು ಬಂದವನ ಮುಂದೆ ಚೌಕಿದಾರ ಜಾಲರಿಯನ್ನೂ ಇಟ್ಟಿದ್ದ. ಸಾಹೇಬರು ಅದನ್ನು ನೋಡಿ ಒಮ್ಮೆ ತಲೆದೂಗಿದರು. ಕೆಂಡ ಕಾವೇರಿತು. ಕಲಾಯಿಯ ತವರ ಕರಗಿ ಕಬಾಬಿಗೆ ಅಂಟಿತು.

ಸಾಹೇಬರು ಮೊದಲ ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. ಹೈದರಾಬಾದಿನಲ್ಲಿ ಮಿಠಾಯಿಗೆ ಬೆಳ್ಳಿಯ ತೆಳು ಹಾಳೆಯ ವರ್ಕು ಹಚ್ಚುತ್ತಾರೆ, ಕಬಾಬಿಗೆ ಹಚ್ಚಿದ್ದನ್ನು ಇಲ್ಲಿಯೇ ಕಂಡೆ ಎಂದರು. ಇಂಥವನು ಇನ್ನೂ ಹಂಗಾಮಿಯೇ ಎಂದು ಕೇಳಿ ಕಾಗದ, ಕಲಮು ತರಿಸಿದರು. ನಾನು ಅದನ್ನೆಲ್ಲ ಚೌಕಿದಾರನಿಗೆ ಕನ್ನಡದಲ್ಲಿ ಹೇಳಿದೆ. ಆತ ಕಾಗದವನ್ನು ನೋಡಿದ, ಸಾಹೇಬರ ಬಾಯಿಯ ಹತ್ತಿರ ಹೋಗುತ್ತಿದ್ದ ತುಂಡನ್ನು ನೋಡಿದ.

"ತಿನಬ್ಯಾಡ್ರಿ ಸಾಹೇಬ್ರ. ಅದು ವರ್ಕು ಅಲ್ರಿ, ಕಲಾಯಿ." ಆಮೇಲೆ ನನ್ನ ಕಡೆ ತಿರುಗಿದ. "ರಾಯರ, ಮಳಿ-ಬೆಳಿ ಛಲೋ ಐತಿ ಅನಬ್ಯಾಡ್ರಿ. ಇದ್ದದ್ದು ಇದ್ದಂಗ ಹೇಳ್ರಿ."

ಹೇಳಿದೆ. ಸಾಹೇಬರು ತುಂಡನ್ನು ಕೆಳಗಿಟ್ಟರು. ಕಲಮು ಎತ್ತಿ ಎರಡು ಸಾಲು ಬರೆದು ಮೊಹರು ಹಾಕಿದರು: ಈತನನ್ನು ಕಾಯಂ ಮಾಡಲಾಗಿದೆ. ಇನ್ನು ಮುಂದೆ ಜಾಲರಿಯನ್ನು ಈತ ಮುಟ್ಟತಕ್ಕದ್ದಲ್ಲ.

ಅವರಿಗೆ ವರ್ಗವಾಯಿತು. ತವರ ಸುಟ್ಟುಹೋಗಿ ಜಾಲರಿ ಮತ್ತೆ ಕಪ್ಪಾಯಿತು. ಹೊಸ ಸಾಹೇಬರು ಬಂದು ಅದನ್ನು ನೋಡಿ ಮೂಗು ಮುಚ್ಚಿಕೊಂಡರು. ಚೌಕಿದಾರ ರುಮಾಲಿನಿಂದ ಹಳೆಯ ಸಾಹೇಬರ ಹುಕುಮನ್ನು ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಅವರು ಎರಡು ಸಲ ಓದಿದರು. ಹಾಗಾದರೆ ಇದನ್ನು ತೊಳೆಯುವವರು ಯಾರು ಎಂದು ನನ್ನಿಂದ ಕೇಳಿಸಿದರು.

"ಹುಕುಮಿನ್ಯಾಗ ಅದು ಬರದಿಲ್ರಿ," ಎಂದ ಚೌಕಿದಾರ.

ಅಂದು ಹೊಸ ಸಾಹೇಬರು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಊಟ ಮಾಡಿದರು.