595.7ರ ಗೆಳೆಯ

ಬೆಳಿಗ್ಗೆ ಎಂಟು ಗಂಟೆಗೆ, ಒಂದು ಕಾಲು ಷೂ ಒಳಗೆ, ಇನ್ನೊಂದು ಹೊರಗೆ ಇದ್ದಾಗ, ನಂಬರ್ ಸರ್ ಅವರ ಫೋನು ಟಿಂಗ್ ಎಂದಿತು. ‘ಇವತ್ತು ನಿಮ್ಮೂರಿನ ಮೇಲೇ ಹೋಗ್ತಾ ಇದೀನಿ. ಮಧ್ಯಾಹ್ನ ಮೂರಕ್ಕೆ ನಿಮ್ಮ ಲೈಬ್ರರಿಗೆ ಬರಲಾ? ನಾವು ಭೇಟಿಯಾಗಿ ಮೂರು ವರ್ಷ ಆಯ್ತು.’ ಸರ್ ಮುಖ ಅರಳಿತು. ಖಂಡಿತ ಬನ್ನಿ ಎಂದು ಆಗಲೇ ಉತ್ತರ ಕಳಿಸಿಬಿಟ್ಟರು.

ಯಾರು ಬರುತ್ತಿರುವುದು ಎಂದು ಹೆಂಡತಿ ವಿಚಾರಿಸಿದರು. ಗ್ರಂಥಪಾಲಕರ ಸಮ್ಮೇಳನದಲ್ಲಿ ಸಿಕ್ಕ ಗೆಳೆಯರು ಎಂದರು ಸರ್.

“ದಿನಾ ಎದ್ದ ಕೂಡ್ಲೇ ಮುಖ ತೊಳೆಯೋಕೂ ಮುಂಚೆ ಮೆಸೇಜ್ ಮಾಡ್ತೀರಲ್ಲ, ಅವರಾ? ಏನವರ ಹೆಸರು?”

ಸರ್ ಹೇಳಲೆಂದು ಬಾಯಿ ತೆರೆದರು. ಫೋನಿನ ಕಡೆ ನೋಡಿದರು. ಹೆಸರಿರಬೇಕಾದ ಜಾಗದಲ್ಲಿ 595.7 ಎಂದಿತ್ತು.

ಇದು ಅವರ ಕಸುಬಿನ ದೋಷ. ಗ್ರಂಥಾಲಯಕ್ಕೆ ಬಂದ ಪ್ರತಿ ಹೊಸ ಪುಸ್ತಕ ಯಾವ ವಿಷಯದ್ದೆಂದು ನೋಡಿ, ಅದಕ್ಕೆ ತಕ್ಕ ಸಂಖ್ಯೆ ಹಾಕಿ, ಬೆನ್ನಿಗೆ ಚೀಟಿ ಅಂಟಿಸುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ ಮೇಲೆ ಮನುಷ್ಯರೂ ಅವರಿಗೆ ಹಾಗೆಯೇ ಕಾಣತೊಡಗಿದ್ದರು. ಸಮ್ಮೇಳನಗಳಲ್ಲಿ ಪರಿಚಯವಾದವರ ಫೋನ್ ನಂಬರನ್ನು ಅವರು ಆಡಿದ ಮಾತಿನ ವಿಷಯದ ಸಂಖ್ಯೆಯಲ್ಲೇ ಉಳಿಸಿಕೊಳ್ಳುತ್ತಿದ್ದರು. ಅಡುಗೆಯ ಬಗ್ಗೆ ಮಾತಾಡಿದವರು 641.5, ಬೆಕ್ಕಿನ ಬಗ್ಗೆ ಮಾತಾಡಿದವರು 636.8. ಕೀಟಗಳಿಗೆ 595.7.

ಆ 595.7ರವರು ಸಿಕ್ಕಿದ್ದು ಕತ್ತಲಲ್ಲಿ. ಸಮ್ಮೇಳನದ ಸಭಾಂಗಣದಲ್ಲಿ ದೀಪ ಆರಿಸಿ ಪರದೆಯ ಮೇಲೆ ಏನೋ ತೋರಿಸಲು ಹೊರಟವರ ಯಂತ್ರ ಕೆಟ್ಟು, ಒಂದು ಗಂಟೆ ಎಲ್ಲರೂ ಹಾಗೇ ಕೂತಿದ್ದರು. ಪಕ್ಕದ ಕುರ್ಚಿಯಿಂದ ಒಂದು ದನಿ, ಪುಸ್ತಕದ ಅಂಟು ತಿನ್ನುವ ಬೆಳ್ಳಿ ಬಣ್ಣದ ಹುಳುವಿನ ಬಗ್ಗೆ, ಮನೆಯ ಮಗುವಿನ ವಿಷಯ ಹೇಳಿದಷ್ಟು ಅಕ್ಕರೆಯಿಂದ ಮಾತಾಡಿತು. ದೀಪ ಬಂದ ಕೂಡಲೇ ಜನ ಊಟಕ್ಕೆ ನುಗ್ಗಿದರು. ಆ ನೂಕುನುಗ್ಗಲಲ್ಲಿ ಫೋನ್ ನಂಬರು ಕೊಟ್ಟು ತೆಗೆದುಕೊಂಡದ್ದಾಯಿತು, ಮುಖ ಸರಿಯಾಗಿ ಕಾಣಲಿಲ್ಲ. ಕನ್ನಡಕ ಇತ್ತು. ಅಥವಾ ಇರಲಿಲ್ಲ.

ಆದರೆ ಅಲ್ಲಿಂದೀಚೆಗೆ ಒಂದು ದಿನವೂ ತಪ್ಪಿಲ್ಲ. ಸರ್ ಕಾಯಿಲೆ ಬಿದ್ದಾಗ ಮೂರು ಹೊತ್ತು ವಿಚಾರಿಸಿದ್ದು ಅವರೊಬ್ಬರೇ. ಮಗಳ ಪರೀಕ್ಷೆಯ ದಿನ ನೆನಪಿಟ್ಟುಕೊಂಡು ಹಾರೈಸಿದ್ದೂ ಅವರೇ. ಅವರ ಫೋಟೋ ಇರಬೇಕಾದಲ್ಲಿ ಒಂದು ಜೀರುಂಡೆ ಇತ್ತು. ಮೊದಲ ವಾರ ಹೆಸರು ಕೇಳಬಹುದಿತ್ತು, ಕೇಳಲಿಲ್ಲ. ಒಂದು ವರ್ಷವಾದ ಮೇಲೆ ಕೇಳುವುದು ಹೇಗೆ? ಇಷ್ಟು ಒಳ್ಳೆಯ ಗೆಳೆಯ ಬೇರೆ ಯಾರೂ ಇಲ್ಲ, ಹೆಸರೇ ಗೊತ್ತಿಲ್ಲವೆಂದು ತಿಳಿದರೆ ಇವರೂ ಕೈಬಿಟ್ಟು ಹೋದಾರು ಎಂಬ ಭಯ ಸರ್‌ಗೆ ನಿಜವಾಗಿಯೂ ಇತ್ತು.

ಗ್ರಂಥಾಲಯ ಮುಟ್ಟಿದಾಗ ಅಲ್ಲಿಯ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಬರೀ ಮೇಡಂ, ಸಿಡಿಮಿಡಿಗೊಂಡಿದ್ದರು. ಪತ್ರಿಕೆಗಳ ಕೋಣೆಗೆ ಹುಳು ಹತ್ತಿತ್ತು. ಔಷಧಿ ಹೊಡೆಯುವವರಿಗೆ ಸೋಮವಾರವೇ ಫೋನ್ ಮಾಡಿದ್ದರೂ ಯಾರೂ ಬಂದಿರಲಿಲ್ಲ. ಸಮಾಧಾನ ಮಾಡಲು ಹೋಗಿ ಸರ್, ಹುಳುಗಳ ವಿಷಯ ತಿಳಿದ ತಮ್ಮ ಗೆಳೆಯರು ಮಧ್ಯಾಹ್ನ ಬರುತ್ತಾರೆ ಎಂದುಬಿಟ್ಟರು. ಮೇಡಂ ಕಣ್ಣು ಮಿನುಗಿತು. ಹಾಗಾದರೆ ಮೇಲಿನ ಹಾಲಿನಲ್ಲಿ ಅವರದೊಂದು ಮಾತು ಇಟ್ಟುಕೊಳ್ಳೋಣ, ಎಲ್ಲರೂ ಕೇಳಲಿ ಎಂದು ಅಲ್ಲೇ ತೀರ್ಮಾನಿಸಿದರು. ಹಾಲಿನ ಬಾಗಿಲ ಬಳಿ ಕಪ್ಪು ಹಲಗೆ ಬಂತು. ‘ಇಂದಿನ ಅತಿಥಿ’ ಎಂದು ಮೇಡಂ ತಾವೇ ದುಂಡಗೆ ಬರೆದು, ಸೀಮೆಸುಣ್ಣ ಹಿಡಿದುಕೊಂಡು ತಿರುಗಿದರು.

“ಹೆಸರು ಹೇಳಿ.”

ಪದವಿ, ಬಿರುದು ಎಲ್ಲ ಸೇರಿಸಿ ಆಮೇಲೆ ಸರಿಯಾಗಿ ಬರೆಸುತ್ತೇನೆ ಎಂದು ಸರ್ ಜಾರಿಕೊಂಡರು.

ಸಹಾಯಕ್ಕೆಂದು ಸರ್ ಒಬ್ಬರ ಕಿವಿಯಲ್ಲಿ ಗುಟ್ಟು ಹೇಳಿದರು, ಹತ್ತು ನಿಮಿಷದಲ್ಲಿ ವಿಷಯ ಇಡೀ ಕಟ್ಟಡಕ್ಕೆ ಗೊತ್ತಾಯಿತು. ಮೂರು ವರ್ಷದ ಗೆಳೆಯ, ಹೆಸರೇ ಗೊತ್ತಿಲ್ಲ ಎಂದರೆ ಯಾರಿಗೆ ತಾನೇ ಕುತೂಹಲವಾಗದು. ಓದುವ ಕೋಣೆಯ ನಿವೃತ್ತರು ಕೂಡ ಪತ್ರಿಕೆ ಮಡಚಿಟ್ಟು ಸಲಹೆ ಕೊಡಲು ಎದ್ದು ಬಂದರು.

ಹರಿದ ಪುಸ್ತಕ ಹೊಲಿಯುವ ಬೈಂಡರ್ ಮಾಮ ಸಮ್ಮೇಳನದ ಗುಂಪು ಫೋಟೋ ಹುಡುಕಿಸಿ, ಭೂತಗನ್ನಡಿ ಹಿಡಿದು ಕೂತರು. ಎಲ್ಲರ ಕೊರಳಲ್ಲೂ ಹೆಸರಿನ ಬಿಲ್ಲೆ ಇತ್ತು ನಿಜ. ಆದರೆ ಆ ಬಿಲ್ಲೆಗಳ ಸ್ವಭಾವವೇ ಹಾಗೆ, ಬೇಕಾದ ಹೊತ್ತಿಗೆ ಬೆನ್ನು ತಿರುಗಿಸಿಕೊಂಡಿರುತ್ತವೆ. ನೂರ ನಲವತ್ತು ಜನರಲ್ಲಿ ಮಾಮನಿಗೆ ಸ್ಪಷ್ಟವಾಗಿ ಓದಲು ಸಿಕ್ಕಿದ್ದು ನಂಬರ್ ಸರ್ ಅವರ ಹೆಸರೊಂದೇ.

ಸರ್ ತಾವೇ ಒಂದು ಉಪಾಯ ಮಾಡಿದರು. ‘ಅತಿಥಿಗಳ ವಿವರ’ ಎಂಬ ಫಾರ್ಮು ತಯಾರಿಸಿ, ತುಂಬಿ ಕಳಿಸಿ ಎಂದು ಗೆಳೆಯರಿಗೆ ಕಳಿಸಿದರು. ಕೂಡಲೇ ಉತ್ತರ ಬಂತು: ‘ಬಸ್ಸಲ್ಲಿದೀನಿ. ನಿಮಗೆ ಗೊತ್ತಿಲ್ಲದ್ದು ಏನಿದೆ, ನೀವೇ ತುಂಬಿಬಿಡಿ.’

ಆಗ ಮುಂದೆ ಬಂದವರು ಕೌಂಟರ್ ಅಕ್ಕ. ಬಾಗಿಲಲ್ಲಿ ಕೂತು, ಬಂದವರ ಹೆಸರು ಕೇಳಿ, ತಮ್ಮ ಮುತ್ತಿನಂಥ ಅಕ್ಷರದಲ್ಲಿ ರಿಜಿಸ್ಟರಿಗೆ ಬರೆದುಕೊಂಡು, ಸಹಿ ಮಾತ್ರ ಹಾಕಿಸಿಕೊಳ್ಳುವುದು ಅವರ ಕೆಲಸ. ಹೆಸರು ಕೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ತಮ್ಮ ಫೋನಿನಿಂದಲೇ ಆ ನಂಬರಿಗೆ ಕರೆ ಮಾಡಿದರು. ಪಾರ್ಸೆಲ್ ಬಂದಿದೆ, ಹೆಸರು ಹೇಳಿ ಎಂದರು. ಆ ಕಡೆಯಿಂದ ಕರೆ ಕಟ್ಟಾಯಿತು. ಮರುಕ್ಷಣ ಸರ್ ಫೋನು ಟಿಂಗ್ ಎಂದಿತು.

‘ಹುಷಾರಾಗಿರಿ. ಪಾರ್ಸೆಲ್ ಅಂತ ಹೇಳಿ ಹೆಸರು ಕೇಳೋ ಒಬ್ಬ ಹೆಂಗಸು ಫೋನ್ ಮಾಡ್ತಿದಾಳೆ. ಮೋಸದ ಗುಂಪು. ಆ ದನಿ ಇನ್ನೊಂದ್ಸಲ ಕೇಳಿದ್ರೆ ನಾನು ಪೊಲೀಸರಿಗೇ ಹೇಳೋನು.’

ಸರ್ ಬೆವರಿಬಿಟ್ಟರು. ಗೆಳೆಯರು ಬಾಗಿಲಿಗೆ ಬಂದಾಗ ಅಕ್ಕ ಅದೇ ದನಿಯಲ್ಲಿ ಹೆಸರು ಕೇಳಿದರೆ ಕತೆ ಅಲ್ಲಿಗೇ ಮುಗಿಯಿತು.

“ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಫ್ರೆಂಡ್ ಅಂತ ಯಾರೇ ಬಂದ್ರೂ ಹೆಸರು ಕೇಳ್ಬೇಡಿ. ಬಾಯೇ ಬಿಡಬೇಡಿ. ಕೈ ತೋರಿಸಿ ಮೇಲೆ ಕಳಿಸಿಬಿಡಿ.”

ಅಕ್ಕ ಮುಖ ಊದಿಸಿಕೊಂಡು ತುಟಿ ಮುಚ್ಚಿದರು.

ಮೂರಕ್ಕೆ ಐದು ನಿಮಿಷವಿರುವಾಗಲೇ ಸರ್ ಗೇಟಿನಲ್ಲಿ ನಿಂತರು. ಸರಿಯಾಗಿ ಮೂರಕ್ಕೆ ಭಾರವಾದ ಚೀಲ ಹೆಗಲಿಗೇರಿಸಿಕೊಂಡ ಒಬ್ಬರು ಬಂದು, ಹುಳುವಿನ ವಿಷಯಕ್ಕೆ ಬಂದಿದ್ದೇನೆ ಎಂದರು. ಸರ್ ಮುಂದೆ ಕೇಳಲೇ ಇಲ್ಲ. ಬಾಚಿ ತಬ್ಬಿಕೊಂಡರು. ಬಂದವರು ಒಂದು ಕ್ಷಣ ಕಕ್ಕಾಬಿಕ್ಕಿಯಾದರು, ಆಮೇಲೆ ಮರ್ಯಾದಸ್ಥರಂತೆ ತಾವೂ ಬೆನ್ನು ತಟ್ಟಿದರು. ಮೆಟ್ಟಿಲು ಹತ್ತುವಾಗ ಪುಸ್ತಕಗಳ ಕಡೆ ಕಣ್ಣೆತ್ತಿಯೂ ನೋಡದೆ, ಬಗ್ಗಿ ಬಗ್ಗಿ ಕಪಾಟಿನ ಅಡಿಯನ್ನೇ ನೋಡುತ್ತಿದ್ದರು. ಎಷ್ಟು ಕೋಣೆ, ಕಿಟಕಿ ಎಷ್ಟು ಎಂದು ವಿಚಾರಿಸಿದರು. ಇಂಥ ಶ್ರದ್ಧೆ ಇದ್ದುದರಿಂದಲೇ ಅಷ್ಟೆಲ್ಲ ಗೊತ್ತು ಎಂದು ಸರ್‌ಗೆ ಹೆಮ್ಮೆಯಾಯಿತು.

ಹಾಲಿನ ಬಾಗಿಲಲ್ಲಿ ಅತಿಥಿಗಳು ಜೇಬಿನಿಂದ ಪೆನ್ನು ತೆಗೆದು, ಸಂಕೋಚದಿಂದ ಕೇಳಿದರು.

“ತಪ್ಪು ತಿಳ್ಕೋಬೇಡಿ ಸರ್. ನಿಮ್ಮ ಹೆಸರೇನು?”

ಸರ್ ಕಣ್ಣಲ್ಲಿ ನೀರೇ ಬಂತು. ಇವರಿಗೂ ಗೊತ್ತಿಲ್ಲ! ಮೂರು ವರ್ಷ ತಾವು ಪಟ್ಟ ಪಾಡನ್ನೇ ಇವರೂ ಪಟ್ಟಿದ್ದಾರೆ. ನಗುತ್ತಾ ತಮ್ಮ ಹೆಸರು ಹೇಳಿ, ಅವರದನ್ನು ಕೇಳಿದರು. ಅವರು ಸಲೀಸಾಗಿ ಹೇಳಿದರು. ಮೂರಕ್ಷರದ ಸಾದಾ ಹೆಸರು. ಇದಕ್ಕಾಗಿ ಇಷ್ಟೆಲ್ಲ ಒದ್ದಾಡಿದೆನಲ್ಲ ಎಂದುಕೊಳ್ಳುತ್ತಾ ಸರ್ ತಾವೇ ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ದಪ್ಪಗೆ ಬರೆದರು.

ಮಾತಾಡುವುದೂ ಇದೆಯೇ, ನಮಗೆ ಹೇಳಿರಲಿಲ್ಲ ಎಂದು ಅತಿಥಿಗಳು ತಡವರಿಸಿದರೂ, ನಿಂತ ಮೇಲೆ ಸೊಗಸಾಗಿ ಮಾತಾಡಿದರು. ಹುಳು ಎಲ್ಲಿ ಅಡಗುತ್ತದೆ, ಏನು ತಿನ್ನುತ್ತದೆ, ಎಷ್ಟು ಮೊಟ್ಟೆ ಇಡುತ್ತದೆ ಎಲ್ಲ ಬಂತು. ಹಾಲು ತುಂಬಿತ್ತು. ಸ್ವಲ್ಪ ತಡವಾಗಿ ಬಂದವರೊಬ್ಬರು ಹಿಂದಿನ ಸಾಲಿನಲ್ಲಿ ಕೂತು ಸರ್ ಕಡೆ ನೋಡಿ ನಕ್ಕರು. ಇವತ್ತು ಲೋಕವೇ ತನ್ನ ಗೆಳೆಯ ಎಂಬ ಖುಷಿಯಲ್ಲಿದ್ದ ಸರ್ ಅವರಿಗೂ ಒಂದು ನಗು ಕೊಟ್ಟು, ಮತ್ತೆ ವೇದಿಕೆಯ ಕಡೆ ತಿರುಗಿದರು.

ಚಪ್ಪಾಳೆ ನಿಂತ ಮೇಲೂ ಸರ್ ಅತಿಥಿಗಳ ಕೈ ಬಿಡಲಿಲ್ಲ. ಜನರೆಲ್ಲ ಹೊರಟು ಹಾಲು ಖಾಲಿಯಾದ ಮೇಲೆ ಅತಿಥಿಗಳು ಚೀಲದ ಬಾಯಿ ಬಿಚ್ಚಿದರು. ಒಂದು ಡಬ್ಬಿ, ಅದಕ್ಕೊಂದು ಕೊಳವೆ, ಮೂಗಿಗೆ ಕಟ್ಟುವ ಬಟ್ಟೆ ಹೊರಬಂದವು.

“ಸರಿ ಸರ್, ಚೀಟಿಯಲ್ಲಿ ನಿಮ್ಮ ಹೆಸರು ಬರ್ಕೊಂಡಿದೀನಿ. ಔಷಧಿ ಯಾವ ಕೋಣೆಯಿಂದ ಶುರು ಮಾಡ್ಲಿ?”

ಮೇಡಂ ಔಷಧಿಯವರನ್ನೂ ನಂಬರ್ ಸರ್ ಅವರನ್ನೂ ಮೇಲಿಂದ ಕೆಳಗೆ ನೋಡಿದರು.

“ಸೋಮವಾರ ಫೋನ್ ಮಾಡಿದ್ದು ನಾನು. ಇವರನ್ನ ಹೋಗಿ ಯಾಕ್ರೀ ತಬ್ಕೊಂಡ್ರಿ?”

ಅಷ್ಟರಲ್ಲಿ ಸರ್ ಫೋನು ಟಿಂಗ್ ಎಂದಿತು. 595.7.

‘ಬಸ್ಸು ಹತ್ತಿದೆ. ಹತ್ತು ನಿಮಿಷ ತಡವಾಗಿ ಬಂದೆ, ಹಿಂದೆ ಕೂತು ಎಲ್ಲ ಕೇಳಿದೆ. ನಿಮ್ಮ ಅತಿಥಿ ಚೆನ್ನಾಗಿ ತಿಳ್ಕೊಂಡಿದಾರೆ. ನೀವು ನಕ್ಕಿರಿ, ಆದ್ರೆ ಗುರುತು ಸಿಗಲಿಲ್ಲ ಅನ್ಸುತ್ತೆ. ಅವರ ಕೈ ಹಿಡ್ಕೊಂಡು ಸಂತೋಷವಾಗಿದ್ರಿ, ಅಡ್ಡ ಬರೋದು ಬೇಡ ಅಂತ ಹೊರಟುಬಂದೆ. ಪರವಾಗಿಲ್ಲ ಬಿಡಿ.’

ಆ ‘ಪರವಾಗಿಲ್ಲ ಬಿಡಿ’ ಸರ್ ಎದೆಗೆ ನಾಟಿತು. ಈಗಲೇ ಫೋನ್ ಮಾಡಿ, ಹೆಸರು ಹಿಡಿದು ಕರೆದು, ಕ್ಷಮೆ ಕೇಳಬೇಕು. ಹೆಸರು ಹಿಡಿದು ಕರೆಯದಿದ್ದರೆ ಇವತ್ತು ಯಾವ ಕ್ಷಮೆಯೂ ನಡೆಯುವುದಿಲ್ಲ. ಥಟ್ಟನೆ ಹೊಳೆಯಿತು: ಒಳಗೆ ಬಂದರೆಂದ ಮೇಲೆ ರಿಜಿಸ್ಟರಿನಲ್ಲಿ ಇರಲೇಬೇಕು. ಮೆಟ್ಟಿಲನ್ನು ಎರಡೆರಡಾಗಿ ಇಳಿದು ಕೌಂಟರಿಗೆ ಓಡಿದರು. ಮೂರು ಹತ್ತಕ್ಕೆ ಯಾರು ಬಂದಿದ್ದು ಎಂದು ಏದುಸಿರು ಬಿಡುತ್ತಾ ಕೇಳಿದರು.

ಅಕ್ಕನ ಬೆಳಗಿನ ಮುನಿಸು ಇನ್ನೂ ಇಳಿದಿರಲಿಲ್ಲ. ರಿಜಿಸ್ಟರನ್ನು ತಿರುಗಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಸಹಿಯ ಜಾಗದಲ್ಲಿ ಹುಳು ಹರಿದಾಡಿ ಹೋದಂಥ ಒಂದು ಗೆರೆ ಇತ್ತು. ಹೆಸರಿನ ಜಾಗದಲ್ಲಿ, ಅಕ್ಕನ ಮುತ್ತಿನಂಥ ಅಕ್ಷರದಲ್ಲಿ, ‘ನಂಬರ್ ಸರ್ ಅವರ ಫ್ರೆಂಡ್’ ಎಂದಿತ್ತು.