ಕಾಕಾನ ಪಟ್ಟಿಯ ಏಳನೆಯ ಹೆಸರು

ನಮ್ಮ ಕಾಕಾನಿಗೆ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸಿದವಳು ನಾನೇ ಎಂದು ಬೆಟಗೇರಿಯ ತುಂಬ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ. ಯಾಕೆ ಅಂತೀರಾ?

ಗದಗ ಹೊಸ ಜಿಲ್ಲೆಯಾಗಿ, ಓಣಿಗೊಂದು ಕಂಪ್ಯೂಟರ್ ಕ್ಲಾಸು ಹುಟ್ಟಿಕೊಂಡಿದ್ದ ಕಾಲ. ನಾನು ಕಲಿಯುತ್ತಿದ್ದೆ, ಮನೆಗೊಂದು ಹಳೇ ಕಂಪ್ಯೂಟರ್ ಬಂದಿತ್ತು. ಕಾಕಾ, ಅಂದರೆ ಅಪ್ಪನ ತಮ್ಮ, ಸೀರೆ ನೇಯುವವನು. ಅರ್ಧ ಸೀರೆಯನ್ನು ಮಗ್ಗದಲ್ಲಿ ನೇಯ್ದು ಉಳಿದರ್ಧವನ್ನು ಕಿಟಕಿಯಾಚೆ ನೋಡುತ್ತ ಕನಸಿನಲ್ಲೇ ಮುಗಿಸುವ ಆಸಾಮಿ! ಮಧ್ಯಾಹ್ನವಾದರೆ ಮಗ್ಗ ಬಿಟ್ಟು ನನ್ನ ಪಕ್ಕ ಬಂದು ಕೂಡುತ್ತಿದ್ದ.

ಮೊದಲು ಅರೇ ಎಂಬ ಪಟ್ಟಿ ತೋರಿಸಿದೆ. ಹತ್ತು ಹೆಸರಿಗೆ ಜಾಗ ಮಾಡಿದರೆ ಹತ್ತೇ.

"ಹನ್ನೊಂದನೇದಾಂವ ಬಂದ್ರ?"

"ಜಾಗ ಇಲ್ಲ ಕಾಕಾ."

"ಇದು ಮಂದಿ ಬರೋ ಮನಿ ಅಲ್ಲ ಬಿಡು. ಬ್ಯಾರೇದು ತೋರಸು."

ಅರೇಲಿಸ್ಟ್ ಎಂಬ ಇನ್ನೊಂದು ಪಟ್ಟಿ ತೋರಿಸಿದೆ. ಬಂದ ಹೆಸರಿಗೆಲ್ಲ ತಾನೇ ಜಾಗ ಮಾಡಿಕೊಳ್ಳುತ್ತದೆ. ಕಾಕಾ ಅದಕ್ಕೆ ಸೋತೇಹೋದ.

ಆಮೇಲೆ ಲೂಪ್, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು. ಎಲ್ಲಿ ನಿಲ್ಲಬೇಕೆಂದು ಬರೆಯುವುದನ್ನೇ ಕಾಕಾ ಮರೆತ. ಇಂಗ್ಲಿಷ್ ಅಕ್ಷರಗಳಲ್ಲಿ "ಬರ್ರಿ ಬರ್ರಿ" ಎಂದು ಪರದೆಯ ತುಂಬ ಹರಿಯತೊಡಗಿತು. ನಿಲ್ಲಿಸಲು ಹೋದರೆ ಕೈ ಹಿಡಿದ.

"ಇರಲಿ ಬಿಡವಾ, ಎಷ್ಟು ಚಂದ ಕರಿಯಾಕತ್ತೈತಿ."

ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನೂ ಮರೆತು ಅರ್ಧ ತಾಸು ಅದನ್ನೇ ನೋಡಿದ. ಅವನ ಹೆಂಡತಿ, ನಮ್ಮ ಕಾಕು, ಚಹಾ ತಂದಿಟ್ಟು ಆರಿದ್ದನ್ನು ಹಾಗೇ ಒಯ್ದಳು.

ಇಂಥವನ ಮಗಳಿಗೆ ಮದುವೆ ಗೊತ್ತಾಯಿತು. ಕರೆಯಬೇಕಾದವರ ಪಟ್ಟಿ ಜಾವಾದಲ್ಲೇ ಆಗಬೇಕಂತೆ! ಅದರಲ್ಲಿ ಕಾಕಾ ಮಾತು ಬಿಟ್ಟವರೂ ಇದ್ದರು. ಜಾವಾ ಕಲಿಯುತ್ತಾನೆಂದು ನಕ್ಕ ಅಡರಕಟ್ಟಿಯ ಗೆಳೆಯ ಒಬ್ಬ. ಇನ್ನೊಬ್ಬಳು ಲಕ್ಷ್ಮೇಶ್ವರದ ಅತ್ತೆ, ಕಾಕಾನ ಒಬ್ಬಳೇ ಅಕ್ಕ. ಅವಳಿಗೆಂದೇ ನೇಯ್ದ ಸೀರೆಯನ್ನು ನಾದಿನಿಗೆ ಕೊಟ್ಟುಬಿಟ್ಟಳೆಂದು ಮೂರು ವರ್ಷದಿಂದ ಮಾತಿಲ್ಲ. ಅವಳನ್ನು ತನ್ನ ಬಾಯಿಂದ ಕರೆಯುವುದಿಲ್ಲವೆಂದು ಓಣಿಯ ಎದುರು ಆಣೆ ಬೇರೆ ಮಾಡಿದ್ದ. ಸೋದರತ್ತೆ ಬಾರದ ಮದುವೆ ಎಂಥದ್ದು ಎಂದು ಕಾಕು ಅತ್ತಳು.

"ನಾ ಏನೂ ಹೇಳಂಗಿಲ್ಲ," ಎಂದ ಕಾಕಾ. "ಮಾತು ಬಿಟ್ಟವ್ರ ಹೆಸರಿಗೆ ಗುರ್ತು ಹಾಕೀನಿ, ಅವ್ರನ್ನ ಲೂಪ್ ತಗದು ಹಾಕ್ತೈತಿ. ಉಳದವ್ರನ್ನ ಕರಿಯೂದು. ಮಶೀನ್ ಹೇಳಿದ್ದ ಖರೆ."

ಲೂಪ್ ಓಡಿತು. ಆರನೆಯ ಹೆಸರಿನ ಅಡರಕಟ್ಟಿಯವನು ಹೋದ. ಏಳನೆಯವಳು ಅತ್ತೆ. ಅವಳು ಉಳಿದಿದ್ದಳು! ಕಾಕು ಕಣ್ಣೊರೆಸಿಕೊಂಡು ಒಳಗೋಡಿದಳು. ನಾನಾದರೂ ಬಾಯಿ ಮುಚ್ಚಿಕೊಂಡಿರಬಾರದೆ?

"ಕಾಕಾ, ತಪ್ಪಾಗೇತಿ. ಆರನೇದು ತಗದ ಕೂಡ್ಲೆ ಏಳನೇದು ಆ ಜಾಗಾಕ್ಕ ಸರೀತು. ಲೂಪ್ ಮುಂದಕ್ಕ ಹೋತು. ಅತ್ತಿನ್ನ ಅದು ನೋಡೇ ಇಲ್ಲ."

ಕಾಕಾ ಕಿಟಕಿಯಾಚೆಯೇ ನೋಡುತ್ತಿದ್ದ.

"ಪಂಕ್ತ್ಯಾಗ ಒಬ್ಬಾಂವ ಎದ್ದ, ಮಂದಿ ಸರದು ಕುಂತ್ರು, ಬಡಸಾಂವ ಒಬ್ಬರನ್ನ ಬಿಟ್ಟು ಹ್ವಾದ. ಹೋದ ವಾರ ನೀನ ಹೇಳಿದ್ದೆಲ್ಲವಾ? ಅದಕ್ಕ ಆಕಿ ಹೆಸರು ಆ ಅಡರಕಟ್ಟ್ಯಾಂವನ ಕೆಳಗ ಬರದೀನಿ."

"ಜಲ್ದಿ ಖಬರ ಕಳಸು," ಎಂದು ಎದ್ದು ಮಗ್ಗಕ್ಕೆ ಹೋದ.

ಕಿಟಕಿಯ ಕಡೆ ಒಮ್ಮೆಯೂ ನೋಡದೆ ಕಾಕಾ ನೇಯ್ದು ಮುಗಿಸಿದ್ದು ಅದೊಂದೇ ಸೀರೆ. ಮದುವೆಯ ದಿನ ಅತ್ತೆ ಅದನ್ನೇ ಉಟ್ಟಿದ್ದಳು.