ಎರಡೂ ಗಂಡು ಬಸವನಹುಳು

ಕರುವಾಗಲಿ, ಕೋಳಿಮರಿಯಾಗಲಿ, ಗಂಡೋ ಹೆಣ್ಣೋ ಎಂದು ದೂರದಿಂದಲೇ ಹೇಳಬಲ್ಲವನು ನಾನು. ನಮ್ಮ ತಿಪ್ಪಸಂದ್ರದ ಸುತ್ತಮುತ್ತ ಈ ವಿಷಯದಲ್ಲಿ ನನಗೊಂದು ಹೆಸರಿತ್ತು. ಮೇಲಾಗಿ ಎಸ್ಸೆಸ್ಸೆಲ್ಸಿ ಪಾಸು! ಆದ್ದರಿಂದ ಮಳೆ ನಿಂತ ಒಂದು ಬೆಳಿಗ್ಗೆ ಬಾಳೆಬುಡದಲ್ಲಿ ಎರಡು ದಪ್ಪ ಬಸವನಹುಳು ಸಿಕ್ಕಾಗ, ಅಂಗೈಯಲ್ಲಿಟ್ಟು ಪರೀಕ್ಷಿಸಿ ಘೋಷಿಸಿದೆ: "ಎರಡೂ ಗಂಡು. ಸಾಕುತ್ತೇನೆ!"

"ಗಂಡು ಅಂತ ಹೆಂಗ್ ಗೊತ್ತಾಯ್ತು?" ಎಂದಳು ಹೆಂಡತಿ ಜಯಮ್ಮ.

"ಆ ಕೊಂಬು ನೋಡೇ. ಆ ಗಾಂಭೀರ್ಯ ನೋಡು."

"ರೇಷ್ಮೆಸೊಪ್ಪು ಬೆಳೆಯೋ ಮನೇಲಿ ಸೊಪ್ಪು ತಿನ್ನೋ ಹುಳ ಸಾಕ್ತಾರೇನ್ರೀ? ಮರಿ ಗಿರಿ ಹಾಕುದ್ರೆ ಅವುನ್ನೂ ನಿಮ್ಮುನ್ನೂ ಒಟ್ಗೇ ಆಚೆಗ್ ಹಾಕ್ತೀನಿ!"

"ಗಂಡು ಎಲ್ಲಾದ್ರೂ ಮರಿ ಹಾಕ್ತದೇನೇ?" ಎಂದು ನಕ್ಕೆ.

ಒಡಕು ಬಕೆಟ್ಟಿಗೆ ಮಣ್ಣು ತುಂಬಿ, ಜರಡಿ ಮುಚ್ಚಿ, ಇಬ್ಬರನ್ನೂ ಸೌತೆಕಾಯಿ ಸಿಪ್ಪೆಯಿಂದ ಸತ್ಕರಿಸಿದೆ. ದೊಡ್ಡವನಿಗೆ ಪಟೇಲ, ಸಣ್ಣವನಿಗೆ ಶಾನುಭೋಗ ಎಂದು ನಾಮಕರಣವೂ ಆಯಿತು.

ಒಂದು ದಿನ ಮಣ್ಣು ಕೆದಕಿದರೆ ಸಬ್ಬಕ್ಕಿ! ಪಾಯಸದ ಸಾಮಾನು ಇಲ್ಲಿಗೇಕೆ ಸುರಿದೆ ಎಂದು ಜಯಮ್ಮನನ್ನು ಕೂಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಅವು ಮೊಟ್ಟೆಗಳು, ಅವುಗಳಿಗೆ ಅಂಟಿಕೊಂಡೇ ಇದ್ದವನು ಶಾನುಭೋಗ. ಶಾನುಭೋಗ ಹೆಣ್ಣು!

ಕೂಡಲೇ ಅವನನ್ನು, ಅಂದರೆ ಅವಳನ್ನು, ಬೇರೆ ಡಬ್ಬಿಗೆ ವರ್ಗಾಯಿಸಿದೆ. ಮೊಟ್ಟೆ ಹಿಸುಕಲು ಕೈ ಬರಲಿಲ್ಲ. ಜಯಮ್ಮನ ಕಣ್ಣು ತಪ್ಪಿಸಬೇಕಿತ್ತು. ಬಹಳ ಯೋಚಿಸಿ ನಮ್ಮ ಹಿಪ್ಪುನೇರಳೆ ತೋಟದಲ್ಲೇ ಹೂತೆ. ಎಸ್ಸೆಸ್ಸೆಲ್ಸಿ ಬುದ್ಧಿ!

ಮುಂದಿನ ವಾರ ಒಂಟಿಯಾಗಿದ್ದ ಪಟೇಲನೂ ಮೊಟ್ಟೆ ಇಟ್ಟ. ಅವನ್ನೂ ಹೂತೆ.

ತಿಂಗಳಾದ ಮೇಲೆ ಜಯಮ್ಮ ಸಾಕಿದ್ದ ರೇಷ್ಮೆಹುಳುಗಳು ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದವು. ಗೂಡು ಕಟ್ಟುವ ಮುಂಚೆ ರಾಶಿ ರಾಶಿ ಸೊಪ್ಪು ಮೇಯುವ ಸಮಯ ಅದು. ಜಯಮ್ಮ ಖಾಲಿ ಕುಕ್ಕೆ ಹಿಡಿದು ತೋಟದಿಂದ ಓಡಿಬಂದಳು.

"ರೀ! ಚಿಗುರೆಲ್ಲಾ ಬೋಳಾಗ್ ಹೋಗೈತೆ! ಎಲೆ ಎಲೆಗೂ ಬಸವನುಳದ ಮರಿ! ನನ್ ಬೆಳೆ ಹಾಳಾಗೋಯ್ತದಲ್ಲಾ!"

ಅವಳು ಕರೆಸಿದ ರೇಷ್ಮೆ ಇಲಾಖೆಯ ಸಾಹೇಬರು ನನ್ನ ಬಕೆಟ್ಟಿಗೆ ಇಣುಕಿದರು. "ಯಜಮಾನ್ರೇ, ಇವುಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಇಲ್ಲ. ಒಂದೊಂದೂ ಎರಡೂ ಹೌದು. ಒಂದ್ಸಲ ಜೊತೆ ಸೇರಿದ್ರೆ ಸಾಕು, ಆಮೇಲೆ ಬೇರೆ ಇಟ್ರೂ ಮೊಟ್ಟೆ ಇಡ್ತವೆ."

ನಾನು ಎದೆಯುಬ್ಬಿಸಿದೆ. "ಕೇಳ್ದೇನೇ ಜಯಾ? ಗಂಡು ಅಂದಿದ್ದು ಸುಳ್ಳಲ್ಲ!"

"ಹೌದೌದು, ಅರ್ಧ ಮಾರ್ಕು ಬಂತು. ಬಕೆಟ್ ತಕ್ಕೊಂಡು ತೋಟಕ್ ನಡೀರಿ!"

ಪಕ್ಕದ ತೋಟದವರಲ್ಲಿ ಸೊಪ್ಪು ಬೇಡಿ ತಂದು ಜಯಮ್ಮ ಬೆಳೆ ಉಳಿಸಿಕೊಂಡಳು. ನಾನು ಸೊಂಟ ಮುರಿಯುವಷ್ಟು ಬಗ್ಗಿ, ಮರಿಗಳನ್ನು ಆರಿಸಿ ಉಪ್ಪುನೀರಿಗೆ ಹಾಕಿದೆ. ಮೊಟ್ಟೆ ಹೂತದ್ದು ಶುದ್ಧ ತಪ್ಪು, ಅವಳ ಮುಂದೆ ಕೈಮುಗಿದು ಒಪ್ಪಿಕೊಂಡೆ. ಆದರೆ ಪಟೇಲನನ್ನೂ ಶಾನುಭೋಗನನ್ನೂ ಮಾತ್ರ ಬಿಟ್ಟುಕೊಡಲಿಲ್ಲ. ಬಿಡುವುದೂ ಇಲ್ಲ!

ಈಗ ದಿನವೂ ಬೆಳಗಾದರೆ ಮಣ್ಣು ಕೆದಕಬೇಕು, ಮೊಟ್ಟೆ ಸಿಕ್ಕರೆ ಕುದಿಯುವ ನೀರಿಗೆ ಹಾಕಿ ಜಯಮ್ಮನಿಗೆ ವರದಿ ಒಪ್ಪಿಸಬೇಕು. ಅವಳು ಒಳಗಿನಿಂದಲೇ ಕೂಗುತ್ತಾಳೆ: "ಹೆರಿಗೆ ಆಯ್ತೇನ್ರೀ?"

ಈ ವಯಸ್ಸಿನಲ್ಲಿ, ಎರಡು ಗಂಡಸರ ಬಾಣಂತನ ನನ್ನ ಪಾಲಿಗೆ!